ಕೆನ್ನೆಗೆ ಹಚ್ಚುವುದನ್ನು ತಲೆಗೆ ಹಚ್ಚಿಕೊಂಡ ಆರು ತಿಂಗಳು

ಆಫ್ಟರ್‌ಶೇವ್ ಗಡ್ಡ ಕೆರೆದ ಮೇಲೆ ಕೆನ್ನೆಗೆ ಹಚ್ಚುವ ವಸ್ತು. ಇದು ನನಗೂ ಗೊತ್ತಿತ್ತು. ಬಾಟಲಿ ಮೇಲೂ ಬರೆದಿತ್ತು. ಆದರೂ 2024ರ ಅಕ್ಟೋಬರ್ ಕೊನೆಯಿಂದ 2025ರ ಏಪ್ರಿಲ್‌ವರೆಗೆ ದಿನಾ ಬೆಳಗ್ಗೆ ಅದನ್ನು ತಲೆಗೆ ತಟ್ಟಿಕೊಂಡು ಆಫೀಸಿಗೆ ಹೋಗಿದ್ದೇನೆ. ಇಷ್ಟೇ ಆಗಿದ್ದರೆ ಹೇಳಿಕೊಳ್ಳುತ್ತಿರಲಿಲ್ಲ. ಅದರಿಂದ ಕೂದಲು ಉದುರುವುದು ನಿಂತಿತು ಅಂತ ನಂಬಿದ್ದೆ. ನಂಬಿದ್ದಕ್ಕೆ ನನ್ನ ಹತ್ತಿರ ಲೆಕ್ಕವೂ ಇತ್ತು.

ಲೆಕ್ಕ ಅಂದೆನಲ್ಲ, ಅದು ನನ್ನ ಕಸುಬು. ಊರು ತಿಪಟೂರು ಕಡೆ ಒಂದು ಹಳ್ಳಿ, ಕೆಲಸ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ. ಬೆಳಗ್ಗೆಯಿಂದ ಸಂಜೆವರೆಗೆ ಬೇರೆಯವರ ಜಮೆ ಖರ್ಚು ಬರೆಯುವವನಿಗೆ ತನ್ನ ತಲೆಯ ಖರ್ಚು ಬರೆಯುವುದು ಏನು ಕಷ್ಟ? ಅಕ್ಟೋಬರ್‌ನಲ್ಲಿ ದಿಂಬಿನ ಮೇಲೆ, ಟವೆಲ್‌ನಲ್ಲಿ, ಬಚ್ಚಲ ಜಾಲರಿಯಲ್ಲಿ ಎಲ್ಲೆಂದರಲ್ಲಿ ಕೂದಲು ಕಾಣಿಸತೊಡಗಿತು. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ. ತಾರೀಖು, ದಿಂಬು, ಬಾಚಣಿಗೆ, ಬಚ್ಚಲು, ಒಟ್ಟು. ಮೊದಲನೇ ದಿನ ಒಟ್ಟು 174. ಹೆಂಡತಿ ನೋಡಿ, "ರೀ, ಎಣಿಸೋ ಟೈಮಲ್ಲಿ ನಿದ್ದೆನಾದ್ರೂ ಮಾಡಿ, ಅದಕ್ಕಾದ್ರೂ ಕೂದ್ಲು ನಿಲ್ಲುತ್ತೆ" ಅಂದಳು.

ಮದ್ದುಗಳಿಗೇನೂ ಬರ ಇರಲಿಲ್ಲ. ಬೋರ್‌ವೆಲ್ ನೀರು ಗಡಸು, ಅದಕ್ಕೇ ಉದುರುತ್ತದೆ ಅಂತ ಮನೆ ಓನರ್. ಈರುಳ್ಳಿ ರಸ ಅಂತ ಆಫೀಸಿನ ಹುಡುಗ. ಹೆಲ್ಮೆಟ್ ಬಿಡಿ ಅಂತ ಇನ್ನೊಬ್ಬರು. ಅವರ ಮಾತು ಕೇಳಿದ್ದರೆ ಕೂದಲು ಉಳಿದು ತಲೆ ಹೋಗುತ್ತಿತ್ತು. ಊರಿಂದ ಅಮ್ಮ ಬಸ್ಸಿನಲ್ಲಿ ಎರಡು ಲೀಟರ್ ಕೊಬ್ಬರಿ ಎಣ್ಣೆ ಕಳಿಸಿದಳು. ಅದನ್ನು ಹಚ್ಚಿಕೊಂಡು ಆಫೀಸಿಗೆ ಹೋದರೆ ಹಣೆ ಮೇಲೆ ಇಳಿದು ಫೈಲಿಗೆಲ್ಲ ಜಿಡ್ಡು. ಬಿಟ್ಟೆ.

ಆಫ್ಟರ್‌ಶೇವ್ ತಲೆಗೆ ಏರಿದ್ದು ಕಟಿಂಗ್ ಶಾಪ್‌ನಲ್ಲಿ. ದೀಪಾವಳಿಗೆ ಮುಂಚೆ ಹೋಗಿದ್ದೆ. ನಮ್ಮ ಕಟಿಂಗ್ ಅಣ್ಣನಿಗೆ ಅರವತ್ತು ದಾಟಿದೆ. ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಎರಡು ಕುರ್ಚಿಯ ಅಂಗಡಿ. ಗಡ್ಡ ಮುಗಿಸಿ, ಪಟಿಕದ ಕಲ್ಲು ಉಜ್ಜಿ, ಅಂಗೈಗೆ ಆಫ್ಟರ್‌ಶೇವ್ ಸುರಿದುಕೊಂಡು ನನ್ನ ಕೆನ್ನೆಗೆ ಪಟಪಟ ತಟ್ಟಿದ. ಕೈಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ನನ್ನ ನೆತ್ತಿಗೆ ಸವರಿ, ಎರಡೂ ಕೈಯಲ್ಲಿ ಬುಡಕ್ಕೆ ಉಜ್ಜಿಬಿಟ್ಟ.

ಅಬ್ಬಾ, ಆ ತಂಪು! ನೆತ್ತಿ ಮೇಲೆ ಯಾರೋ ಫ್ರಿಜ್ ಬಾಗಿಲು ತೆಗೆದ ಹಾಗೆ. ಎರಡು ವಾರದಿಂದ ಕಡಿಯುತ್ತಿದ್ದ ತಲೆ ಒಂದು ನಿಮಿಷ ಗಪ್‌ಚುಪ್ ಆಯಿತು.

"ಏನಣ್ಣಾ ಇದು?" ಅಂದೆ.

"ನಮ್ಮಪ್ಪನ ಕಾಲದಲ್ಲಿ ದೊಡ್ಡ ಆಫೀಸರುಗಳೆಲ್ಲ ತಲೆಗೆ ಸೆಂಟ್ ನೀರು ಹಾಕಿಸ್ಕಳೋರು ಸಾರ್. ಬುಡ ಗಟ್ಟಿ ಆಗುತ್ತೆ ಅಂತಿದ್ರು. ಆ ಬಾಟ್ಲಿ ಈಗ ಎಲ್ಲಿ ಸಿಗುತ್ತೆ, ನಾನು ಇದನ್ನೇ ಹಾಕ್ತೀನಿ."

ಬುಡ ಗಟ್ಟಿ ಆಗುತ್ತದೆ. ಅಷ್ಟು ಸಾಕಾಯಿತು. ಮನೆಗೆ ಹೋಗುವ ದಾರಿಯಲ್ಲೇ ಒಂದು ಬಾಟಲಿ ಕೊಂಡೆ.

ರಾತ್ರಿ ಕೂತು ಓದಿಕೊಂಡೆ. ಒಂದು ವಿಷಯ ನಂಬಬೇಕು ಅಂತ ತೀರ್ಮಾನ ಮಾಡಿದವನು ಓದಿದರೆ ಸಿಗುವುದೆಲ್ಲ ಪುರಾವೆಯೇ. ಹತ್ತೊಂಬತ್ತನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬೇ ರಮ್ ಅಂತ ಒಂದು ದ್ರವ ಬರುತ್ತಿತ್ತು. ಅಲ್ಲಿನ ಬೇ ಮರದ ಎಲೆಯನ್ನು ರಮ್ ಜೊತೆ ಭಟ್ಟಿ ಇಳಿಸಿ ಮಾಡುತ್ತಿದ್ದರು. ನಾವು ಪಲಾವ್‌ಗೆ ಹಾಕುವ ಎಲೆಯ ಮರ ಬೇರೆ, ಅದು ಬೇರೆ. ಆ ಒಂದೇ ಬಾಟಲಿಯನ್ನು ಕ್ಷೌರದವರು ಕೆನ್ನೆಗೂ ಹಚ್ಚುತ್ತಿದ್ದರು, ತಲೆಗೂ ಹಚ್ಚುತ್ತಿದ್ದರು. ಕ್ವಿನೈನ್ ಹಾಕಿದ ಹೇರ್ ಟಾನಿಕ್‌ಗಳೂ ಇದ್ದವು. ಜಪಾನಿನಲ್ಲಿ ಈಗಲೂ ಆಲ್ಕೋಹಾಲ್, ಮೆಂಥಾಲ್ ಹಾಕಿದ ಹೇರ್ ಟಾನಿಕ್ ಅಂಗಡಿಯಲ್ಲಿ ಸಿಗುತ್ತದೆ. ಅಂದರೆ ನಾನು ಮಾಡುತ್ತಿರುವುದು ಹುಚ್ಚಾಟ ಅಲ್ಲ, ಪರಂಪರೆ!

ನಮ್ಮ ತಾತನೂ ನೆನಪಾದ. ಜ್ವರ ಬಂದರೆ ಕರ್ಚೀಫಿಗೆ ಯೂಡಿಕೋಲನ್ ಹಾಕಿ ಹಣೆ ಮೇಲೆ ಇಟ್ಟುಕೊಳ್ಳುತ್ತಿದ್ದ. ಅದು ಜರ್ಮನಿಯ ಕೊಲೋನ್ ಊರಿನಲ್ಲಿ 1709ರಿಂದ ವ್ಯಾಪಾರ ಮಾಡಿಕೊಂಡು ಬಂದ ಫರೀನಾ ಮನೆತನದ ಸುಗಂಧ ನೀರಿನ ವಂಶದ್ದು ಅಂತ ನನಗೆ ಆ ರಾತ್ರಿಯೇ ಗೊತ್ತಾಗಿದ್ದು. ಆಲ್ಕೋಹಾಲ್ ಆವಿಯಾಗುವಾಗ ಚರ್ಮದ ಶಾಖ ಎಳೆದುಕೊಂಡು ಹೋಗುತ್ತದೆ, ಅದಕ್ಕೆ ತಂಪು. ತಾತನ ಹಣೆಗೂ ಅದೇ, ನನ್ನ ನೆತ್ತಿಗೂ ಅದೇ.

ಕೆಲಸದ ವಿಧಾನ ಹೀಗಿತ್ತು. ಬೆಳಗ್ಗೆ ಸ್ನಾನ ಆಗಿ, ತಲೆ ಒಣಗಿದ ಮೇಲೆ, ಬಾಟಲಿಯ ಮುಚ್ಚಳದಲ್ಲಿ ಅರ್ಧ ಅಳತೆ. ಅಂಗೈಗೆ ಸುರಿದರೆ ಬೆರಳ ಸಂದಿಯಲ್ಲೇ ಅರ್ಧ ಹಾರಿಹೋಗುತ್ತಿತ್ತು. ಅದಕ್ಕೆ ಮಗನಿಗೆ ಔಷಧಿ ಕುಡಿಸುವ ಡ್ರಾಪರ್ ತಗೊಂಡೆ. ಬೈತಲೆ ತೆಗೆದು ಸಾಲಿಗೆ ನಾಲ್ಕು ಹನಿ, ಪಕ್ಕಕ್ಕೆ ಇನ್ನೊಂದು ಬೈತಲೆ, ಮತ್ತೆ ನಾಲ್ಕು ಹನಿ. ಥೇಟ್ ತೋಟಕ್ಕೆ ಡ್ರಿಪ್ ಬಿಟ್ಟ ಹಾಗೆ. ಕಣ್ಣು ಮುಚ್ಚಿಕೊಂಡಿರಬೇಕು, ಒಂದು ಹನಿ ಹಣೆಯಿಂದ ರೆಪ್ಪೆಗೆ ಇಳಿದರೆ ಆ ದಿನ ಆಫೀಸಿಗೆ ಅಳುತ್ತಲೇ ಹೋಗಬೇಕು. ಹಚ್ಚಿದ ಮೇಲೆ ಕೂದಲು ಹಗುರಾಗಿ, ಒತ್ತಾಗಿ ನಿಲ್ಲುತ್ತಿತ್ತು. ಜಿಡ್ಡೆಲ್ಲ ಕರಗಿ ಹೋಗಿರುತ್ತದಲ್ಲ. ಕನ್ನಡಿಯಲ್ಲಿ ನೋಡಿದರೆ ನಿಜವಾಗಲೂ ಜಾಸ್ತಿ ಕೂದಲು ಇದ್ದ ಹಾಗೆ ಕಾಣುತ್ತಿತ್ತು.

ಒಂದು ಭಾನುವಾರ ಇನ್ನೊಂದು ಐಡಿಯಾ ಬಂತು. ಅಮ್ಮನ ಎಣ್ಣೆಯನ್ನೂ ಇದನ್ನೂ ಸೇರಿಸಿದರೆ ಎರಡರ ಗುಣವೂ ಸಿಗುತ್ತದಲ್ಲ? ಹಳೇ ಜಾಮ್ ಬಾಟಲಿಗೆ ಎರಡನ್ನೂ ಹಾಕಿ ಅಲ್ಲಾಡಿಸಿದೆ. ಮಜ್ಜಿಗೆ ಥರ ಬೆಳ್ಳಗಾಯಿತು. ಐದು ನಿಮಿಷ ಬಿಟ್ಟು ನೋಡಿದರೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಹಳೇ ಟಾನಿಕ್‌ಗಳಲ್ಲಿ ಹರಳೆಣ್ಣೆ ಹಾಕುತ್ತಿದ್ದರಂತೆ, ಗಟ್ಟಿ ಆಲ್ಕೋಹಾಲಿನಲ್ಲಿ ಕರಗುವ ಎಣ್ಣೆ ಅದು. ಕೊಬ್ಬರಿ ಎಣ್ಣೆ ಹಾಗೆ ಕರಗುವುದಿಲ್ಲ. ಹರಳೆಣ್ಣೆ ತಂದರೂ ನನ್ನ ಬಾಟಲಿಯಲ್ಲಿ ನೀರು ಬೆರೆತಿದ್ದರಿಂದ ಕೆಲಸ ಆಗುತ್ತಿರಲಿಲ್ಲ. ಹೆಂಡತಿ ಆ ಜಾಮ್ ಬಾಟಲಿಯನ್ನು ಬಚ್ಚಲಿಗೆ ಸುರಿದು ಎರಡು ದಿನ ಮಾತಾಡಲಿಲ್ಲ. ಬಚ್ಚಲು ಜಾರುತ್ತಿತ್ತು, ಅದಕ್ಕೆ.

ಅವಳ ನಿಜವಾದ ಭಯ ಬೇರೆ ಇತ್ತು. ಒಂದು ಬೆಳಗ್ಗೆ ತಲೆಗೆ ಹಚ್ಚಿಕೊಂಡವನು ಹಾಗೇ ದೇವರ ಮನೆಗೆ ಹೋಗಿ ದೀಪದ ಮುಂದೆ ಬಗ್ಗಿದೆ. ಹಿಂದಿನಿಂದ ಬನಿಯನ್ ಹಿಡಿದು ಎಳೆದಳು. "ಬಾಟ್ಲಿ ಮೇಲೆ ಬೆಂಕಿ ಚಿತ್ರ ಹಾಕಿರೋದು ನಿಮಗಲ್ದೆ ಯಾರಿಗೆ?" ಸರಿಯಾಗೇ ಹೇಳಿದ್ದಳು. ಸಾಮಾನಿನ ಪಟ್ಟಿಯಲ್ಲಿ ಮೊದಲು ಬರುವುದು ಯಾವುದು ಜಾಸ್ತಿ ಇದೆಯೋ ಅದು. ನನ್ನ ಬಾಟಲಿಯಲ್ಲಿ ಮೊದಲನೆಯದು ಆಲ್ಕೋಹಾಲ್. ನೀರು ಎರಡನೆಯದು. ಅವತ್ತಿನಿಂದ ಪೂಜೆ ಆದಮೇಲೆ ಹಚ್ಚಿಕೊಳ್ಳುವುದು ಅಂತ ಒಪ್ಪಂದ ಆಯಿತು.

ಸಂಕ್ರಾಂತಿಗೆ ಊರಿಗೆ ಹೋದೆವು. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ತಿಪಟೂರಿಗೆ ಬಸ್ಸು, ಅಲ್ಲಿಂದ ಆಟೋ. ಬಸ್ಸು ಹತ್ತುವ ಮುಂಚೆ ತಲೆಗೆ ಎರಡನೇ ಡೋಸ್ ಹಾಕಿಕೊಂಡಿದ್ದೆ. ಅಮ್ಮ ಅಟ್ಟದ ಮೇಲಿಂದ ಕಾಯಿ ಇಳಿಸುತ್ತಿದ್ದಳು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದೇ ಉಂಡೆ ಕೊಬ್ಬರಿ. ನಾನು ಕೆಳಗೆ ನಿಂತು ಒಂದು ಕಾಯಿ ಈಸಿಕೊಂಡೆ. ಅಮ್ಮ ಏಣಿ ಮೇಲಿಂದ ಮೂಗು ಅರಳಿಸಿದಳು.

"ಏನ್ಲಾ ಇದು? ಹಬ್ಬದ್ ದಿನ ಹಾಕ್ಕಂಡ್ ಬಂದಿದೀಯಾ?"

"ಇಲ್ಲಮ್ಮ, ತಲೆಗೆ."

"ತಲೆಗೆ ಏರೈತೆ ಅಂತ್ಲೇ ನಾನೂ ಕೇಳ್ತಿರದು!"

ಹೆಂಡತಿ ನಗುವುದನ್ನು ನಿಲ್ಲಿಸಲಿಲ್ಲ, ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಬಾಟಲಿ ತೆಗೆದು ತೋರಿಸಿದೆ. ಅಮ್ಮ ಮುಚ್ಚಳ ಬಿಚ್ಚಿ ಮೂಸಿ, "ಮನೆ ತುಂಬ ಕೊಬ್ರಿ ಮಡಿಕ್ಕಂಡು ಇವ್ನು ಸಾರಾಯಿ ಹಚ್ಕಂತಾನೆ" ಅಂತ ಅಟ್ಟಕ್ಕೆ ಕೇಳುವ ಹಾಗೆ ಹೇಳಿ ಮತ್ತೆ ಏಣಿ ಹತ್ತಿದಳು. ಅಮ್ಮನಿಗೆ ಹೇಳಬೇಕು ಅನಿಸಿತ್ತು, ನಮ್ಮ ಉಂಡೆ ಕೊಬ್ಬರಿ ಬಹುಪಾಲು ಉತ್ತರ ಭಾರತಕ್ಕೆ ತಿನ್ನುವುದಕ್ಕೆ ಹೋಗುತ್ತದೆ, ಎಣ್ಣೆ ತೆಗೆಯುವ ಕೊಬ್ಬರಿಯೇ ಬೇರೆ, ಸರ್ಕಾರ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ಕೊಡುತ್ತದೆ ಅಂತ. ಹಬ್ಬದ ದಿನ ಯಾಕೆ ಅಂತ ಸುಮ್ಮನಾದೆ.

ಆದರೆ ನೋಟ್‌ಬುಕ್ ನನ್ನ ಕಡೆ ಇತ್ತು. ನವೆಂಬರ್ ಮೊದಲ ವಾರ ದಿನಕ್ಕೆ 180ರ ಆಸುಪಾಸು. ಡಿಸೆಂಬರ್‌ನಲ್ಲಿ 130. ಸಂಕ್ರಾಂತಿ ವೇಳೆಗೆ 80. ಫೆಬ್ರವರಿ ಮಧ್ಯದಲ್ಲಿ 45. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಅದು ಸಹಜ. ಅಂದರೆ ನಾನು ಸಹಜಕ್ಕಿಂತ ಕೆಳಗೆ ಬಂದಿದ್ದೆ! ಇಂಥ ಬ್ಯಾಲೆನ್ಸ್ ಶೀಟ್ ನನ್ನ ಯಾವ ಕ್ಲೈಂಟಿನದ್ದೂ ಇರಲಿಲ್ಲ. ಆಫೀಸಿನಲ್ಲಿ ಇಬ್ಬರಿಗೆ ಹೇಳಿದೆ. ಒಬ್ಬ ಬಾಟಲಿ ತಂದೂಬಿಟ್ಟ.

ಭಾಮೈದನ ಕಥೆ ಹೇಳದೆ ಮುಂದೆ ಹೋದರೆ ನನ್ನ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಫೆಬ್ರವರಿಯಲ್ಲಿ ಅವನು ತಿರುಪತಿಗೆ ಹೋಗಿ ಮುಡಿ ಕೊಟ್ಟು, ಬೋಳು ತಲೆಗೆ ಗಂಧ ಬಳಿದುಕೊಂಡು ನಮ್ಮ ಮನೆಗೆ ಬಂದ. ನನಗೆ ಇಂಥ ಅವಕಾಶ ಇನ್ನೆಲ್ಲಿ ಸಿಗಬೇಕು. ಅಡ್ಡ ಇಲ್ಲದ ನೆಲ, ನೇರ ಬುಡಕ್ಕೇ ಹಚ್ಚಬಹುದು. "ಬಾರೋ, ಈಗ ಹಚ್ಚಿದ್ರೆ ಹೊಸ ಕೂದ್ಲು ಒತ್ತಾಗಿ ಬರುತ್ತೆ" ಅಂತ ಗಂಧ ತೊಳೆಸಿ, ಅಂಗೈ ತುಂಬ ಸುರಿದು ನೆತ್ತಿಗೆ ತಟ್ಟಿದೆ. ಬ್ಲೇಡು ತಾಗಿದ ತಲೆ. ಕಣ್ಣಿಗೆ ಕಾಣದ ಗೀರು ಎಷ್ಟಿದ್ದವೋ. "ಭಾವಾ!" ಅಂತ ಒಂದೇ ಒಂದು ಕೂಗು. ಎದ್ದವನು ಹಾಲಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಹಿತ್ತಲಿಗೆ ಓಡಿ ಡ್ರಮ್ಮಿನ ನೀರಿನಲ್ಲಿ ತಲೆ ಅದ್ದಿದ. ಯೋಚನೆ ಮಾಡಿದರೆ ಆರು ತಿಂಗಳಲ್ಲಿ ಆ ಬಾಟಲಿಯನ್ನು ನಾನು ನಿಯಮದ ಪ್ರಕಾರ ಬಳಸಿದ್ದು ಅದೊಂದೇ ಸಲ. ಕ್ಷೌರ ಆದಮೇಲೆ ಹಚ್ಚುವುದು ಅಂತಲೇ ತಾನೇ ಬರೆದಿರುವುದು? ಈ ವಾದವನ್ನು ಅವನ ಮುಂದೆ ಇನ್ನೂ ಇಟ್ಟಿಲ್ಲ.

ಮಾರ್ಚ್ ಬರುವಷ್ಟರಲ್ಲಿ ಇನ್ನೊಂದು ಕಡೆಯಿಂದ ಕೆಟ್ಟಿತು. ನೋಟ್‌ಬುಕ್ಕಿನಲ್ಲಿ ಇದಕ್ಕೆ ಕಾಲಮ್ ಇರಲಿಲ್ಲ. ಮೊದಲು ಸಣ್ಣ ಹೊಟ್ಟು. ಕಪ್ಪು ಶರ್ಟ್ ಹಾಕುವುದು ಬಿಟ್ಟೆ. ಆಮೇಲೆ ಕಿವಿ ಹಿಂದೆ, ಹುಬ್ಬಿನಲ್ಲಿ ಹಳದಿ ಬಣ್ಣದ ಜಿಡ್ಡು ಪೊರೆ. ಬೆರಳಲ್ಲಿ ಕೆರೆದರೆ ಉಗುರಿನಡಿ ಮೇಣದ ಹಾಗೆ ಸೇರಿಕೊಳ್ಳುತ್ತಿತ್ತು. ಹಚ್ಚಿದಾಗ ಹತ್ತು ನಿಮಿಷ ತಂಪು, ಹನ್ನೊಂದನೇ ನಿಮಿಷದಿಂದ ಮೊದಲಿಗಿಂತ ಜಾಸ್ತಿ ಕಡಿತ. ಕಡಿತಕ್ಕೆ ಮತ್ತೆ ಹಚ್ಚುವುದು. ದಿನಕ್ಕೆ ಒಂದು ಸಲ ಇದ್ದದ್ದು ಮೂರಾಯಿತು. ಆಫೀಸಿನ ಡ್ರಾಯರ್‌ನಲ್ಲೂ ಒಂದು ಬಾಟಲಿ. ಕುಡುಕರ ಲಕ್ಷಣ ಇದೇ ಅಲ್ವಾ? ಅಮ್ಮ ಹೇಳಿದ್ದು ತೀರಾ ಸುಳ್ಳೇನಲ್ಲ.

ಯುಗಾದಿಗೆ ಅಮ್ಮ ತುಮಕೂರಿಗೇ ಬಂದಳು. ಯುಗಾದಿ ಅಂದರೆ ಎಣ್ಣೆ ಸ್ನಾನ, ತಪ್ಪಿಸಿಕೊಳ್ಳುವ ಹಾಗಿಲ್ಲ. ಚೌಕದ ಮಣೆ ಮೇಲೆ ಕೂರಿಸಿ, ಬೆಚ್ಚಗೆ ಕಾಯಿಸಿದ ಎಣ್ಣೆಯನ್ನು ನೆತ್ತಿಗೆ ಒತ್ತಿ ಒತ್ತಿ ತಿಕ್ಕಿದಳು. ಅವಳ ಬೆರಳಿಗೂ ಆ ಪೊರೆ ಸಿಕ್ಕಿತು. ಏನೂ ಅನ್ನಲಿಲ್ಲ, ಇನ್ನೂ ಒಂದು ಬಟ್ಟಲು ಎಣ್ಣೆ ಜಾಸ್ತಿ ಹಾಕಿದಳು. ಸೀಗೆಪುಡಿ, ಬಿಸಿ ನೀರು. ಆ ದಿನ ಹಾಯ್ ಅನಿಸಿತು. ನಾಲ್ಕನೇ ದಿನಕ್ಕೆ ತಲೆ ತುಂಬ ಕೆಂಪು, ರಾತ್ರಿ ನಿದ್ದೆ ಇಲ್ಲ. ಎಣ್ಣೆಯೂ ಕೈಕೊಟ್ಟಿತು. ಅಮ್ಮನ ಮದ್ದು, ನನ್ನ ಮದ್ದು ಎರಡೂ ಸೋತ ಮೇಲೆ ಏಪ್ರಿಲ್ ಎರಡನೇ ವಾರ ಚರ್ಮದ ಡಾಕ್ಟರ್ ಹತ್ತಿರ ಹೋದೆ. ನೋಟ್‌ಬುಕ್ ಜೊತೆಗೆ.

ಡಾಕ್ಟರ್ ಮೇಡಂ ಮೊದಲು ತಲೆ ನೋಡಿದರು. ಫೋನಿಗೆ ಸಿಕ್ಕಿಸಿದ ಒಂದು ಸಣ್ಣ ಲೆನ್ಸನ್ನು ನೆತ್ತಿ ಮೇಲೆ ಇಟ್ಟು, ಫೋಟೋ ತೆಗೆದು, ನನ್ನ ಕಡೆ ತಿರುಗಿಸಿದರು. ಅದು ನನ್ನ ತಲೆ ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಕೆಂಪು ನೆಲ. ಅಲ್ಲಲ್ಲಿ ಹಳದಿ ಪದರ, ಬೇಸಿಗೆಯಲ್ಲಿ ಕೆರೆ ಅಂಗಳದ ಮಣ್ಣು ಬಿರಿದು ಮೇಲೆದ್ದ ಹಾಗೆ. ಒಂದೊಂದು ಗುಣಿಯಿಂದ ಎರಡು ಮೂರು ಕೂದಲು ಒಟ್ಟಿಗೆ ಎದ್ದಿದ್ದವು. ಎಲ್ಲ ಒಂದೇ ದಪ್ಪ ಇರಲಿಲ್ಲ. ದಪ್ಪದ ಪಕ್ಕದಲ್ಲೇ ದಾರದಷ್ಟು ಸಣ್ಣದು. ಹಳೇ ತೋಟದ ಸಾಲಿನಲ್ಲಿ ಸತ್ತ ಮರದ ಜಾಗಕ್ಕೆ ಎಳೇ ಸಸಿ ಇಟ್ಟ ಹಾಗೆ ಅಂದುಕೊಂಡೆ. ಮೇಡಂ ಹೇಳಿದ್ದು ಉಲ್ಟಾ. ಇವು ಸಸಿಗಳಲ್ಲ, ದಪ್ಪ ಇದ್ದವೇ ಸಣ್ಣ ಆಗುತ್ತಾ ಬಂದಿವೆ, ಅಪ್ಪನಿಗೆ ನೆತ್ತಿ ಬೋಳಾ ಅಂತ ಕೇಳಿದರು. ಹೌದು ಅಂದೆ.

"ತಲೆಗೆ ಏನು ಹಾಕ್ತಿದೀರಿ?"

ಹೇಳಿದೆ. ಅವರು ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ. ನೋಟ್‌ಬುಕ್ ಮುಂದಿಟ್ಟೆ, ಆಫ್ಟರ್‌ಶೇವ್‌ನಿಂದ ಉದುರುವುದು ನಿಂತಿದ್ದಕ್ಕೆ ದಾಖಲೆ ಇದೆ ಅಂದೆ. ಪುಟ ತಿರುವಿದರು. ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದಕ್ಕಿಂತ ಮೂರು ತಿಂಗಳ ಹಿಂದೆ ಏನಾಗಿತ್ತು? ಜ್ವರ, ಆಪರೇಷನ್, ಏನಾದರೂ?"

ಜುಲೈನಲ್ಲಿ ಡೆಂಗ್ಯೂ ಆಗಿತ್ತು. ಒಂಬತ್ತು ದಿನ ಮಲಗಿದ್ದೆ. ಇಷ್ಟು ದಿನ ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಅವರು ಪೆನ್ಸಿಲ್ ತಗೊಂಡು ನನ್ನ ಮೊದಲ ಸಾಲಿಗಿಂತ ಮೇಲೆ, ಖಾಲಿ ಅಂಚಿನಲ್ಲಿ, 'ಡೆಂಗ್ಯೂ, ಜುಲೈ' ಅಂತ ಬರೆದರು. ಆಮೇಲೆ ವಿವರಿಸಿದರು. ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಇದ್ದು ಉದುರುತ್ತದೆ. ಸಾಮಾನ್ಯವಾಗಿ ಒಂದು ಬೆಳೆಯುವಾಗ ಒಂದು ಉದುರುತ್ತಿರುತ್ತದೆ, ಅದಕ್ಕೆ ಗೊತ್ತಾಗುವುದಿಲ್ಲ. ಜೋರು ಜ್ವರ ಬಂದಾಗ ಒಂದಷ್ಟು ಕೂದಲು ಒಟ್ಟಿಗೇ ಬೆಳೆಯುವುದು ನಿಲ್ಲಿಸಿಬಿಡುತ್ತವೆ. ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಏನೂ ಮಾಡದಿದ್ದರೂ ಕೆಲವು ತಿಂಗಳಲ್ಲಿ ತಾನಾಗೇ ನಿಲ್ಲುತ್ತದೆ. ಹೆರಿಗೆಯಾದ ಹೆಂಗಸರಿಗೆ ಕೂದಲು ಉದುರುವುದೂ ಹೀಗೇ.

ಜುಲೈ ಜ್ವರ, ಅಕ್ಟೋಬರ್ ಉದುರು, ಫೆಬ್ರವರಿಗೆ ನಿಲುಗಡೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕಾಗೆ ನನ್ನ ಕೈಯಲ್ಲಿತ್ತು, ಅಷ್ಟೇ. ಸುಮ್ಮನಿದ್ದಿದ್ದರೂ ನೋಟ್‌ಬುಕ್ಕಿನಲ್ಲಿ ಇವೇ ಅಂಕಿಗಳು ಬರುತ್ತಿದ್ದವು. ಇದು ನನಗೆ ಬಾಟಲಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ ಬೇಜಾರು ತಂದ ವಿಷಯ. ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನು ಓಪನಿಂಗ್ ಎಂಟ್ರಿಯನ್ನೇ ಬಿಟ್ಟಿದ್ದೆ.

ಹಾಗಾದರೆ ಆ ತಂಪು ಏನು ಮಾಡುತ್ತಿತ್ತು ಅಂತ ಕೇಳಿದೆ. ಸ್ವಲ್ಪ ಆಲ್ಕೋಹಾಲ್ ಆವಿಯಾಗುವ ತಂಪು, ಉಳಿದದ್ದು ಮೆಂಥಾಲ್ ಅಂದರು. ಗ್ರಂಧಿಗೆ ಅಂಗಡಿಯಲ್ಲಿ ಪುದೀನಾ ಹೂ ಅಂತ ಕೊಡುತ್ತಾರಲ್ಲ, ಸೂಜಿ ಥರ ಇರುವ ಹರಳು, ಅದೇ. ಚರ್ಮದ ನರಗಳಲ್ಲಿ ಚಳಿಯನ್ನು ಗುರುತಿಸುವ ಒಂದು ಬಾಗಿಲು ಇರುತ್ತದೆ, ಮೆಂಥಾಲ್ ಆ ಬಾಗಿಲನ್ನು ಸುಮ್ಮಸುಮ್ಮನೆ ತಟ್ಟುತ್ತದೆ. ಚಳಿ ಇಲ್ಲದಿದ್ದರೂ ಚಳಿ ಅನಿಸುತ್ತದೆ. ಮನೆಗೆ ಬಂದು ಓದಿದಾಗ ಗೊತ್ತಾಯಿತು, ಬಿಸಿ, ಚಳಿ, ಸ್ಪರ್ಶ ಗುರುತಿಸುವ ಇಂಥ ಬಾಗಿಲುಗಳನ್ನು ಹುಡುಕಿದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂದಿದೆ. ನಾನು ನೆತ್ತಿಯನ್ನು ನಂಬಿದವನು. ಚುರುಚುರು ಅಂದರೆ ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕಿಬಿಟ್ಟಿದ್ದೆ.

ಕೂದಲು ಬೆಳೆಸುವ ಔಷಧಿಯಲ್ಲೂ ಆಲ್ಕೋಹಾಲ್ ಇರುತ್ತದಂತಲ್ಲ ಮೇಡಂ, ಅಂತ ಕೊನೆಯ ಬಾಣ ಬಿಟ್ಟೆ. ಇರುತ್ತದೆ ಅಂದರು. ಮಿನಾಕ್ಸಿಡಿಲ್ ದ್ರಾವಣದಲ್ಲಿ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಎರಡೂ ಇರುತ್ತವೆ. ಅವು ಮಿನಾಕ್ಸಿಡಿಲ್ ಅನ್ನು ಚರ್ಮದೊಳಗೆ ತಲುಪಿಸುವುದಕ್ಕೆ. "ನೀವು ಓಡಿಸಿದ್ದು ಖಾಲಿ ಬಸ್ಸು. ಆರು ತಿಂಗಳು ಟ್ರಿಪ್ ಹೊಡೆದಿದೀರಿ, ಪ್ಯಾಸೆಂಜರ್ ಒಬ್ಬನೂ ಇರಲಿಲ್ಲ."

ಮಿನಾಕ್ಸಿಡಿಲ್ ಮೊದಲು ಬಿ.ಪಿ. ಮಾತ್ರೆಯಾಗಿ ಬಂದದ್ದಂತೆ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆಯತೊಡಗಿತು. ಆಮೇಲೆ ತಲೆಗೆ ಹಚ್ಚುವ ಔಷಧಿಯಾಗಿ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ನನ್ನ ಅಪ್ಪನಿಂದ ಬಂದ ನೆತ್ತಿಗೆ ಬೇಕಾದರೆ ಅದನ್ನು ಬಳಸಬಹುದು, ಮೊದಲು ತಲೆ ಹುಣ್ಣಾಗಿರುವುದು ವಾಸಿಯಾಗಲಿ ಅಂದರು. ಶುರುವಿನಲ್ಲಿ ಇನ್ನೂ ಸ್ವಲ್ಪ ಉದುರಬಹುದು, ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು, ನಿಲ್ಲಿಸಿದರೆ ಬೆಳೆದದ್ದು ಹೋಗುತ್ತದೆ.

ಈಗಿನ ತೊಂದರೆಗೆ ಎರಡು ಕಾರಣ ಹೇಳಿದರು. ಆಲ್ಕೋಹಾಲ್, ಸೆಂಟು ಎರಡೂ ಸೇರಿ ಚರ್ಮದ ಮೇಲ್ಪದರ ಒಣಗಿ ಕೆರಳಿದೆ. ಅದರ ಜೊತೆಗೆ ಎಲ್ಲರ ತಲೆಯಲ್ಲೂ ಇರುವ ಮಲಸೇಜಿಯಾ ಅನ್ನುವ ಬೂಷ್ಟು ಜಾಸ್ತಿಯಾಗಿದೆ. ಅದಕ್ಕೆ ಊಟ ಅಂದರೆ ಎಣ್ಣೆ, ಜಿಡ್ಡು. ಯುಗಾದಿ ದಿನ ಅಮ್ಮ ಅದಕ್ಕೆ ಹಬ್ಬದ ಊಟವನ್ನೇ ಬಡಿಸಿದ್ದಳು. ಕೊಬ್ಬರಿ ಎಣ್ಣೆ ಕೆಟ್ಟದ್ದಲ್ಲ ಅಂತಲೂ ಹೇಳಿದರು. ಅದು ಕೂದಲಿನ ಎಳೆಯೊಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಎಳೆಗೆ ಹಚ್ಚಿ, ಹೊಟ್ಟಿರುವ ಬುಡಕ್ಕೆ ಬೇಡ.

ಚೀಟಿಯಲ್ಲಿ ಬರೆದದ್ದು ಎರಡೇ. ಬೂಷ್ಟಿಗೆ 2% ಕೀಟೊಕೊನಾಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು. ಒಂದು ವಾರಕ್ಕೆ ಮಾತ್ರ ಒಂದು ಸ್ಟೀರಾಯ್ಡ್ ಲೋಷನ್. "ವಾಸಿ ಆಯ್ತು ಅಂತ ನೀವೇ ಮತ್ತೆ ಕೊಂಡು ಹಚ್ಚಬೇಡಿ" ಅಂತ ಎರಡು ಸಲ ಹೇಳಿದರು. ಅಷ್ಟರಲ್ಲಿ ನನ್ನ ಸ್ವಭಾವ ಅವರಿಗೆ ತಿಳಿದಿತ್ತು.

ಐದು ನಿಮಿಷ ಬಿಡುವುದೇ ಕಷ್ಟದ ಕೆಲಸ. ತಲೆ ತುಂಬ ನೊರೆ ಮಾಡಿಕೊಂಡು ಬಚ್ಚಲಲ್ಲಿ ನಿಂತರೆ ಐದು ನಿಮಿಷ ಅಂದರೆ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಹೊರಗಿನಿಂದ ಮಗ ಸೆಕೆಂಡ್ ಎಣಿಸುತ್ತಿದ್ದ. ನೂರಕ್ಕೆ ಬಂದು ಮರೆತು ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಮೊದಲ ವಾರದ ಕಡೆಗೆ ಕೆಂಪು ಇಳಿಯಿತು. ಮೂರನೇ ವಾರಕ್ಕೆ ಉಗುರಿಗೆ ಪೊರೆ ಸಿಗಲಿಲ್ಲ. ಹೊಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ, ಸೆಖೆ ಜಾಸ್ತಿಯಾದಾಗ, ನಿದ್ದೆಗೆಟ್ಟಾಗ ಮತ್ತೆ ತಲೆ ಎತ್ತುತ್ತದೆ. ಆಗ ಮತ್ತೆ ಶಾಂಪೂ.

ಮಿನಾಕ್ಸಿಡಿಲ್ ತಗೊಳ್ಳಲಿಲ್ಲ. ಜೀವ ಇರುವವರೆಗೆ ತಿಂಗಳು ತಿಂಗಳು ಬರುವ ಖರ್ಚು ಅದು. ನಲವತ್ತು ದಾಟಿದೆ, ಮದುವೆಯಾಗಿದೆ, ಹೆಲ್ಮೆಟ್ ಇದೆ. ಬೇರೆಯವರು ತಗೊಂಡರೆ ತಪ್ಪು ಅನ್ನುವುದಿಲ್ಲ. ಆಫೀಸಿನಲ್ಲಿ ನನ್ನ ಮಾತು ಕೇಳಿ ಬಾಟಲಿ ತಂದಿದ್ದವನಿಗೆ ಹೋಗಿ ನಿಜ ಹೇಳಿದೆ. "ನಾನು ಎರಡೇ ದಿನಕ್ಕೆ ಬಿಟ್ಟೆ ಬಿಡಿ ಸಾರ್" ಅಂದ. ನನಗೆ ಯಾಕೋ ಸ್ವಲ್ಪ ಅವಮಾನ ಆಯಿತು.

ಅಮ್ಮನಿಗೆ ಎಣ್ಣೆ ಬೇಡ ಅಂತ ಹೇಳುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಫೋನಿನಲ್ಲಿ, "ತಲೇಲಿ ಬೂಷ್ಟು ಬಂದೈತಂತೆ ಕಣಮ್ಮ, ಎಣ್ಣೆ ಹಾಕಿದ್ರೆ ಜಾಸ್ತಿ ಆಗುತ್ತಂತೆ" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಬೂಷ್ಟು ಹಿಡಿದ ಕೊಬ್ಬರಿಯನ್ನು ವರ್ಷ ವರ್ಷ ಆರಿಸಿ ಎಸೆದವಳು ಅವಳು. "ಹಂಗಾರೆ ಗಾಳಿ ಆಡಂಗೆ ಮಡಿಕ್ಕ. ಟೋಪಿ ಗೀಪಿ ಹಾಕ್ಬ್ಯಾಡ" ಅಂದಳು. ನನಗಿಂತ ಬೇಗ ಒಪ್ಪಿಕೊಂಡಳು.

ಆಫೀಸಿನ ಡ್ರಾಯರ್‌ನಿಂದ ತಂದ ಬಾಟಲಿಯಲ್ಲಿ ಮುಕ್ಕಾಲು ಭಾಗ ಉಳಿದಿದೆ. ಸ್ಟೀಲ್ ಡಬ್ಬಿಗಳ ಮೇಲೆ ಅಂಟಿಸಿರುತ್ತಾರಲ್ಲ ಸ್ಟಿಕರ್, ಅದರ ಗೋಂದು ತೆಗೆಯುವುದಕ್ಕೆ ಹೆಂಡತಿ ಬಳಸುತ್ತಾಳೆ. ಬಟ್ಟೆಗೆ ಎರಡು ಹನಿ ಹಾಕಿ ಒಂದು ಸಲ ಉಜ್ಜಿದರೆ ಸಾಕು. ನೋಟ್‌ಬುಕ್ಕಿನಲ್ಲಿ ಅರ್ಧ ಪುಟಗಳು ಖಾಲಿ ಇದ್ದವು. ಅದರಲ್ಲಿ ಈಗ ಹಾಲಿನ ಲೆಕ್ಕ ಇದೆ.